ಅಪ್‌ಡೇಟ್: ಬಾದಾಮಿಗೆ ಹೋಗಿ ಬಂದ್ವಿ ನೋಡ್ರಿ

ಬಾದಾಮಿ, ಪಟ್ಟದಕಲ್ಲಿಗೆ ಶನಿವಾರ-ರವಿವಾರ ಹೋಗಾಕ ಎಂಥಾ ಅರಿಬಿ, ಯಾವ ಬ್ಯಾಗ್ ಚಲೋ ಅಂತ ಕೇಳಿದ್ದೆನಲ್ರೀ, ಹೋಗಿ ಬಂದ್ವಿ. ಜೀನ್ಸ್ ಬ್ಯಾಡ, ಸಡಿಲ ಕಾಟನ್ ಪ್ಯಾಂಟ್ ಹಾಕ್ಕೋರಿ ಅಂದವರಿಗೆ ಶರಣು. ಝಿಪ್ ಇರೋ ಬೆನ್ನಚೀಲ ಅಂದವರೂ ಖರೇನ ಹೇಳಿದ್ರಿ: ಗುಹೆ ಮೆಟ್ಟಿಲ ಮ್ಯಾಲೆ ಒಂದು ಮಂಗ್ಯಾ ಮುಂದಿನವರ ಕ್ಯಾರಿಬ್ಯಾಗ್ ಹರಿದು, ಬಿಸ್ಕಿಟ್ ಪುಡಾ ಹಲ್ಲಿಂದ ಬಿಚ್ಚಿ, ಅವರೆದುರಿಗೇ ಕುಂತು ತಿಂತು! ಬೂಟಿಗಿಂತ ಚಪ್ಪಲಿ ಬೇಶ್. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯಾಗ ಇನ್ನೂ ಪೂಜಿ ನಡೀತದ, ಹೊರಗ ಬಿಡಬೇಕು. ಮಧ್ಯಾಹ್ನದ ಹಾಸುಗಲ್ಲು ಕಾದ ಹಂಚು, ಸಾಕ್ಸ್ ಕಿಸೆಯಾಗಿರಲಿ. ಬಾದಾಮಿ ಮೂರನೇ ಗುಹೆಯ ಕ್ರಿ.ಶ. 578ರ ಶಾಸನಾನೂ ನೋಡಿದ್ವಿ. ಆದ್ರ ನನಗ ಖುಷಿ ಕೊಟ್ಟದ್ದು ಬಾದಾಮಿ ಹತ್ತಿರದ ಬನಶಂಕರಿ ಗುಡಿ: ಅಲ್ಲಿನ ಅವ್ವಾರು ಬುಟ್ಟಿಯಾಗ ತಂದ ಖಡಕ್ ರೊಟ್ಟಿ, ಕೆಂಪು ಚಟ್ನಿ, ಗಟ್ಟಿ ಮೊಸರು. ಉಂಡು ಹೊಂಡದ ಕಂಬಸಾಲಿನ ನೆರಳಿಗೆ ಟವೆಲ್ ಹಾಸಿ ಅಡ್ಡಾದ್ವಿ. ಟವೆಲ್ ಯಾರೂ ಹೇಳಿರಲಿಲ್ಲ, ಪಟ್ಟಿಗೆ ಸೇರಿಸ್ಕೋರಿ.