ಎ514, ಎ517, ಎ516: ಫ್ರೇಮಿಗೂ ವೆಸೆಲ್‌ಗೂ ಒಂದೇ ಪ್ಲೇಟ್ ಸಾಕಾ?

ಪ್ರಶ್ನೆ: ಒಂದೇ ಸ್ಕಿಡ್‌ನಲ್ಲಿ (ಸಲಕರಣೆ ಕೂರಿಸೋ ಉಕ್ಕಿನ ತಳ) 40 ಮಿ.ಮೀ. ಪ್ಲೇಟಿನ ಲಿಫ್ಟಿಂಗ್ ಫ್ರೇಮ್, ಜೊತೆಗೆ 2 ಮೀಟರ್ ಒಳವ್ಯಾಸದ 20 ಬಾರ್ ಒತ್ತಡದ ವೆಸೆಲ್. ಸದ್ಯ ಎರಡೂ ಎ516 ಗ್ರೇಡ್ 70, ಅಂದರೆ ಸಾಮಾನ್ಯ ಕಾರ್ಬನ್ ಸ್ಟೀಲ್ ಪ್ಲೇಟ್. ತೂಕ ಇಳಿಸಲೇಬೇಕು. ಹೆಚ್ಚು ಬಲದ ಎ514 ಸ್ಟೀಲ್ ಒಂದೇ ಲಾಟ್ ತರಿಸಿ ಎರಡಕ್ಕೂ ಹಾಕಬಹುದಾ? ಬಳಸಿದವರು ಅನುಭವ ತಿಳಿಸಿ.

ವೆಸೆಲ್ ಡಿಸೈನರ್: ವೆಸೆಲ್‌ಗೆ 514 ಹಾಕೋ ಹಾಗೇ ಇಲ್ಲ. ಅದು ಸ್ಟ್ರಕ್ಚರಲ್ ಪ್ಲೇಟ್. ಎಎಸ್‌ಎಂಇ ಸೆಕ್ಷನ್ 8ಕ್ಕೆ (ಒತ್ತಡದ ವೆಸೆಲ್‌ಗಳ ಅಮೆರಿಕನ್ ಕೋಡ್) ಬೇಕಾದ್ದು 517. ಕೆಮಿಸ್ಟ್ರಿ ಹೆಚ್ಚುಕಮ್ಮಿ ಒಂದೇ, ಆದರೆ 517ರಲ್ಲಿ ಚಾರ್ಪಿ (ಹೊಡೆತ ತಾಳುತ್ತಾ ಅಂತ ನೋಡೋ ಪರೀಕ್ಷೆ) ಕಡ್ಡಾಯ, ಲ್ಯಾಟರಲ್ ಎಕ್ಸ್‌ಪಾನ್ಶನ್, ಅಂದರೆ ಮುರಿದ ತುಂಡು ಅಗಲಕ್ಕೆ ಹಿಗ್ಗಿದ್ದು, 0.38 ಮಿ.ಮೀ. ಬರಲೇಬೇಕು. 514ಕ್ಕೆ ಚಾರ್ಪಿ ಬೇಕಿದ್ದರೆ ನೀವೇ ಆರ್ಡರಿನಲ್ಲಿ ಬರೆಯಬೇಕು. ಇನ್ನು ಉಳಿತಾಯ. ಯೀಲ್ಡ್ (ಪ್ಲೇಟ್ ಶಾಶ್ವತವಾಗಿ ಬಾಗಲು ಶುರುವಾಗೋ ಬಲ) 260ರಿಂದ 690 ಎಂಪಿಎಗೆ ಏರಿತು ಅಂತ ಎಲ್ಲರೂ ಹಿಗ್ಗುತ್ತಾರೆ, ಆದರೆ ಆ ಕೋಡಿನ ಡಿವಿಷನ್ 1ರಲ್ಲಿ ಇಲ್ಲಿ ನಡೆಯೋದು ಟೆನ್ಸೈಲ್ (ಹರಿಯೋ ಬಲ) ಲೆಕ್ಕ: 485ನ್ನು 3.5ರಿಂದ ಭಾಗಿಸಿದರೆ 138 ಎಂಪಿಎ, 795ನ್ನು ಭಾಗಿಸಿದರೆ 227. ಶೆಲ್ 14.6ರಿಂದ 8.9 ಮಿ.ಮೀ.ಗೆ ಇಳಿಯುತ್ತೆ. ಎರಡಕ್ಕೂ 3 ಮಿ.ಮೀ. ಸವಕಳಿ ಭತ್ಯೆ ಸೇರಿಸಿ: 17.6 ಮತ್ತು 11.9. ಮೂರನೇ ಒಂದು ಪಾಲೂ ಉಳಿಯಲಿಲ್ಲ. ಅದಕ್ಕೆ ಪ್ರತಿಯಾಗಿ ಬಟ್ ಜಾಯಿಂಟ್‌ಗಳಿಗೆಲ್ಲ ಪೂರ್ತಿ ರೇಡಿಯೋಗ್ರಫಿ, ಅಲ್ಲಲ್ಲಿ ಎಕ್ಸ್‌ರೇ ತೆಗೆದು ಮುಗಿಸೋಕೆ ಆಗಲ್ಲ.

ಫ್ಯಾಬ್ರಿಕೇಶನ್ ಶಾಪ್: ಡಿಸೈನರ್ ಲೆಕ್ಕ ಪ್ಲೇಟಿನ ತೂಕಕ್ಕೇ ನಿಂತಿತು. ಶಾಪಿನ ಖರ್ಚು ಯಾರು ಬರೆಯುತ್ತಾರೆ? 40 ಮಿ.ಮೀ. 514ಕ್ಕೆ ವೆಲ್ಡ್‌ಗೆ ಮೊದಲು ಕನಿಷ್ಠ 80 ಡಿಗ್ರಿ ಪ್ರಿಹೀಟ್, ಇಂಟರ್‌ಪಾಸ್ (ಒಂದು ಪದರ ಮುಗಿದು ಇನ್ನೊಂದು ಹಾಕುವಾಗಿನ ಶಾಖ) 230 ದಾಟಬಾರದು. ಇ11018 ವೆಲ್ಡಿಂಗ್ ರಾಡ್‌ಗಳನ್ನು 370ರಿಂದ 430 ಡಿಗ್ರಿಯಲ್ಲಿ ಕನಿಷ್ಠ ಒಂದು ಗಂಟೆ ಒಣಗಿಸಿ, ಆಮೇಲೆ 120 ಡಿಗ್ರಿ ಓವನ್ನಿನಲ್ಲೇ ಇಡಬೇಕು. ಹೊರಗೆ ತೆಗೆದರೆ ಅರ್ಧ ಗಂಟೆ, ಅಷ್ಟೇ. ವೆಲ್ಡ್ ಮುಗಿದ 48 ಗಂಟೆ ಆದ ಮೇಲೇ ಅಂತಿಮ ತಪಾಸಣೆ, ಯಾಕಂದರೆ ಹೈಡ್ರೋಜನ್ ಬಿರುಕು ತಡವಾಗಿ ಬಾಯಿ ಬಿಡುತ್ತೆ. ಅಲ್ಲಿಯವರೆಗೆ ಬೇ ಖಾಲಿಯಾಗಲ್ಲ. ಬಿರುಕು ಸಿಕ್ಕಿತೋ, ಗೌಜಿಂಗ್ (ವೆಲ್ಡ್ ಕೆತ್ತಿ ತೆಗೆಯೋದು), ಕಪ್ಪು ಅಂಚು ಹೋಗುವವರೆಗೆ ಗ್ರೈಂಡಿಂಗ್, ಎಂಪಿಐ (ಕಾಂತದಿಂದ ಬಿರುಕು ಹುಡುಕೋದು), ಮತ್ತೆ ಪ್ರಿಹೀಟ್, ಮತ್ತೆ ತುಂಬಿಸೋದು, ಮತ್ತೆ 48 ಗಂಟೆ. 516ರಲ್ಲಿ ಈ ಪಾಡಿಲ್ಲ.

ಕ್ರೇನ್ ಬೂಮ್: ಎಲ್ಲರನ್ನೂ ಹೆದರಿಸಬೇಡಿ ಸರ್. ನಮ್ಮ ಬೂಮ್‌ಗಳೆಲ್ಲ ಎಸ್690ಕ್ಯೂಎಲ್, 514ರ ಹಾಗೇ 690 ಯೀಲ್ಡ್‌ನ ಯುರೋಪಿಯನ್ ಗ್ರೇಡ್. ಮೈನಸ್ 40ರಲ್ಲಿ ಇಂಪ್ಯಾಕ್ಟ್ ಗ್ಯಾರಂಟಿ, 50 ಮಿ.ಮೀ.ವರೆಗೆ ಸಿಇವಿ (ಕಾರ್ಬನ್ ಸಮಾನಾಂಕ, ಹೆಚ್ಚಿದ್ದಷ್ಟೂ ವೆಲ್ಡ್ ಕಷ್ಟ) ಗರಿಷ್ಠ 0.65, ಮಿಲ್ ಸರ್ಟಿಫಿಕೇಟಿನಲ್ಲಿ ಅದಕ್ಕಿಂತ ಸಾಕಷ್ಟು ಕೆಳಗಿರೋ ಹೀಟ್ (ಒಂದು ಸಲ ಕರಗಿಸಿದ ಬ್ಯಾಚ್) ಆರಿಸಿಕೊಂಡರೆ ಅರ್ಧ ತಲೆನೋವು ಅಲ್ಲೇ ಮುಗಿಯಿತು. ಮೂಲೆಯ ಫಿಲೆಟ್ ವೆಲ್ಡ್‌ಗೆಲ್ಲ 11018 ಯಾಕೆ? ಲೆಕ್ಕ ಕೂರುವಲ್ಲಿ ಕಡಿಮೆ ಬಲದ 7018 ರಾಡ್ ಹಾಕಿ, ಮೆತ್ತನೆ ವೆಲ್ಡ್ ಬಿರುಕು ಬಿಡೋದು ಕಡಿಮೆ. ಹೀಟ್ ಇನ್‌ಪುಟ್ ಅಳೆಯಿರಿ: 25 ವೋಲ್ಟ್, 180 ಆಂಪ್, ನಿಮಿಷಕ್ಕೆ 150 ಮಿ.ಮೀ. ಅಂದರೆ ಮಿ.ಮೀ.ಗೆ 1.8 ಕಿಲೋಜೂಲ್. ರಾಡನ್ನು ಅತ್ತಿತ್ತ ಆಡಿಸಿ ಅಗಲವಾಗಿ ನೇಯ್ದರೆ ಪಕ್ಕದ ಪ್ಲೇಟ್ ಮೆತ್ತಗಾಗುತ್ತೆ, ನೇರವಾದ ಸಣ್ಣ ಸ್ಟ್ರಿಂಗರ್ ಬೀಡ್ ಎಳೆಯಿರಿ. ಶಿಸ್ತಿಲ್ಲದ ಶಾಪಿಗೆ ಮಾತ್ರ ಇದು ಕಷ್ಟ.

ಫ್ಯಾಬ್ರಿಕೇಶನ್ ಶಾಪ್: ಶಿಸ್ತಿನ ಪಾಠ ಬೇಡ. ಬಾಗೋದನ್ನು ತಡೆಯೋದು ಯೀಲ್ಡ್ ಅಲ್ಲ. ಅದನ್ನು ತಡೆಯೋ ಬಿಗಿತ, ಅಂದರೆ ಮಾಡ್ಯುಲಸ್, ಎರಡೂ ಸ್ಟೀಲಿಗೆ ಸುಮಾರು 200 ಜಿಪಿಎ. 40ನ್ನು 25 ಮಾಡಿದರೆ ಪ್ಲೇಟಿನ ಬಾಗುವಿಕೆ ನಾಲ್ಕು ಪಟ್ಟು. ದಿನಾ ಎತ್ತಿ ಇಳಿಸೋ ಫ್ರೇಮಿನ ವೆಲ್ಡ್ ಟೋನಲ್ಲಿ (ವೆಲ್ಡ್ ಪ್ಲೇಟಿಗೆ ಸೇರೋ ಅಂಚು) ಫಟೀಗ್, ಅಂದರೆ ಮತ್ತೆ ಮತ್ತೆ ಭಾರ ಹೊರುವ, ಬಾಳಿಕೆ 260ರ ಪ್ಲೇಟಿಗೂ 690ರ ಪ್ಲೇಟಿಗೂ ಒಂದೇ. ಬೂಮ್‌ನಲ್ಲಿ ಗೆದ್ದದ್ದು ಬಾಕ್ಸ್ ಸೆಕ್ಷನ್‌ನಿಂದ, ಬರೀ ಸ್ಟೀಲಿನಿಂದಲ್ಲ.

ಗಣಿ ಬಕೆಟ್: ಇಷ್ಟೆಲ್ಲ ಯಾಕೆ, 400 ಬ್ರಿನೆಲ್ ಗಡಸುತನದ, ಸವೆತ ತಡೆಯೋ ವೇರ್ ಪ್ಲೇಟ್ ಹಾಕಿ. 514ಕ್ಕಿಂತ ಗಟ್ಟಿ, ಬೇಗ ಸಿಗುತ್ತೆ.

ವೆಸೆಲ್ ಡಿಸೈನರ್: ದಯವಿಟ್ಟು ಇಂಥ ಸಲಹೆ ಕೊಡಬೇಡಿ! ಆ ಪ್ಲೇಟಿಗೆ ಗ್ಯಾರಂಟಿ ಇರೋದು ಗಡಸುತನಕ್ಕೆ. ಯೀಲ್ಡ್, ಇಂಪ್ಯಾಕ್ಟ್ ಸಾಮಾನ್ಯವಾಗಿ ಬರೀ ಸೂಚಕ ಅಂಕಿ. ಅದರ ಮೇಲೆ ಭಾರ ಎತ್ತಿಸೋದು ಜೀವದ ಜೊತೆ ಆಟ.

ಎನ್‌ಡಿಟಿ ಲೆವೆಲ್ 2 (ಒಡೆಯದೆ ಪರೀಕ್ಷಿಸೋ ತಪಾಸಕ): ವೆಸೆಲ್ ಒಳಗೆ ಏನು ತುಂಬ್ತಾರೆ ಅಂತ ಯಾರೂ ಕೇಳಲಿಲ್ಲ. ತೇವದ ಎಚ್2ಎಸ್ (ಹೈಡ್ರೋಜನ್ ಸಲ್ಫೈಡ್) ಇದ್ದರೆ 517 ಮರೆತುಬಿಡಿ. ಕಾರ್ಬನ್ ಮತ್ತು ಲೋ ಅಲಾಯ್ ಸ್ಟೀಲಿಗೆ ಅಲ್ಲಿ ಗಡಸುತನದ ಮಿತಿ 22 ಎಚ್‌ಆರ್‌ಸಿ, ಈ ಪ್ಲೇಟ್ ಆ ಅಂಚನ್ನು ದಾಟುತ್ತೆ. ನೀರಿನಂಶವೇ ಇಲ್ಲದ ಅಮೋನಿಯಾ ಇದ್ದರೆ ಸ್ಟ್ರೆಸ್ ಕೊರೋಷನ್ ಬಿರುಕು ಬರುತ್ತೆ, 0.2 ಶೇಕಡಾ ನೀರು ಬೆರೆಸೋದು ಅದಕ್ಕೇ.

ಕ್ರೇನ್ ಬೂಮ್: ಫ್ರೇಮ್ ಮಾತಾಡೋಣ. ಬಾಕ್ಸ್ ಮಾಡಿ, ಸ್ಟ್ರೆಸ್ ರಿಲೀವ್ (ವೆಲ್ಡ್ ಒತ್ತಡ ಸಡಿಲಿಸಲು ಕಾಯಿಸೋದು) ಮಾತ್ರ ಮಾಡಬೇಡಿ. 516ಕ್ಕೆ ಕೊಡೋ 620 ಡಿಗ್ರಿ 514ಕ್ಕೂ ಕೊಟ್ಟರೆ ಟೆಂಪರ್ ಅತಿಯಾಗಿ ಯೀಲ್ಡ್ ಇಳಿಯಬಹುದು, ವೆಲ್ಡ್ ಪಕ್ಕದ ಹೀಟ್ ಝೋನ್‌ನ ದಪ್ಪ ಕಣಗಳ ಸಂದಿಯಲ್ಲಿ ರೀಹೀಟ್ ಬಿರುಕೂ ಬರಬಹುದು.

ಫ್ಯಾಬ್ರಿಕೇಶನ್ ಶಾಪ್: ಈ ಒಂದು ಮಾತು ಒಪ್ಪಿದೆ. ಆದರೆ 517 ವೆಸೆಲ್ ದಪ್ಪವಾಗಿ ಪಿಡಬ್ಲ್ಯೂಎಚ್‌ಟಿ (ವೆಲ್ಡ್ ನಂತರ ಕಾಯಿಸೋದು) ಬಂದರೆ 540ರಿಂದ 595 ಡಿಗ್ರಿ ಒಳಗೇ ನಿಲ್ಲಿಸಬೇಕು, ಅದೂ ಪ್ಲೇಟಿಗೆ ಅಂಟಿಸಿದ ಥರ್ಮೋಕಪಲ್ ನೋಡಿಕೊಂಡು. ಬರ್ನರ್ ಎದುರಿನ ಪ್ಲೇಟ್ ಎಷ್ಟು ಕಾಯ್ದಿದೆ ಅಂತ ಕುಲುಮೆಯ ಮೀಟರ್ ಹೇಳಲ್ಲ.