ಒಂದೇ ಗೇರ್‌ನಲ್ಲಿ ಕೊಡಗಿನ ತೋಟದ ಹಾದಿ: ಮೊದಲ ರೇಸ್‌ಗೆ ಹೇಗೆ ತಯಾರಾಗಲಿ?

ಕೇಳಿದವರು, ವಿರಾಜಪೇಟೆ

ನವೆಂಬರ್‌ನಲ್ಲಿ ಮಡಿಕೇರಿ ಹತ್ತಿರದ ಕಾಫಿ ತೋಟಗಳ ಒಳಗೆ 30 ಕಿ.ಮೀ. ಮೌಂಟನ್ ಬೈಕ್ ರೇಸ್ ಇದೆ. ಸಿಂಗಲ್‌ಸ್ಪೀಡ್ ವಿಭಾಗಕ್ಕೆ ಹೆಸರು ಕೊಟ್ಟಿದ್ದೇನೆ. ನನ್ನ ಹಳೇ ಗೇರ್ ಸೈಕಲ್ಲನ್ನೇ ಒಂದೇ ಗೇರ್‌ಗೆ ಬದಲಾಯಿಸುತ್ತಿದ್ದೇನೆ. 29 ಇಂಚಿನ ಚಕ್ರ, ಮುಂದೆ ಪೆಡಲ್ ಹತ್ತಿರದ ಹಲ್ಲುಚಕ್ರಕ್ಕೆ 32 ಹಲ್ಲು. ಹಿಂದೆ ಎಷ್ಟು ಹಲ್ಲು ಹಾಕಲಿ? ಏರು ಬಂದಾಗ ಏನು ಮಾಡುತ್ತೀರಿ? ಓಡಿಸಿ ಗೊತ್ತಿರುವವರು ದಯವಿಟ್ಟು ಹೇಳಿ.

ಮಡಿಕೇರಿಯಿಂದ

20 ಹಾಕಿ. ಮೊದಲ ರೇಸ್‌ಗೆ ನಾನು 18 ಹಾಕಿದ್ದೆ. ಮನೆ ಹತ್ತಿರದ ಟಾರ್ ರಸ್ತೆಯಲ್ಲಿ ಅದು ಚೆನ್ನಾಗಿಯೇ ಇತ್ತು. ತೋಟದ ಒಳಗೆ ಎರಡನೇ ಏರಿಗೇ ಮಂಡಿ ನೋಯಲು ಶುರುವಾಯಿತು. ಆಮೇಲೆ ಒಂದು ವಾರ ಮೆಟ್ಟಿಲು ಹತ್ತುವಾಗ ಕೈಹಿಡಿ ಹಿಡಿದುಕೊಳ್ಳಬೇಕಾಯಿತು.

ಲೆಕ್ಕ ಸುಲಭ. 32ಕ್ಕೆ 20 ಅಂದರೆ ಪೆಡಲ್ ಒಂದು ಸುತ್ತು ಬರುವಷ್ಟರಲ್ಲಿ ಹಿಂದಿನ ಚಕ್ರ 1.6 ಸುತ್ತು. ನಿಮ್ಮ ಚಕ್ರದ ಅಳತೆಗೆ ಅದು ಸುಮಾರು 3.7 ಮೀಟರ್. ನಿಮಿಷಕ್ಕೆ 90 ಸಲ ತುಳಿದರೆ ಗಂಟೆಗೆ 20 ಕಿ.ಮೀ. ಸಿಗುತ್ತದೆ. ಗದ್ದೆ ಬದಿಯ ಸಮತಟ್ಟು ಹಾದಿಯಲ್ಲಿ ಗೇರ್ ಇರುವವರು ನಿಮ್ಮನ್ನು ದಾಟಿ ಹೋಗುತ್ತಾರೆ. ಹೋಗಲಿ ಬಿಡಿ. ಅಲ್ಲಿ ಅವರ ಬೆನ್ನು ಹತ್ತಿ ಕಾಲು ಸುಸ್ತು ಮಾಡಿಕೊಳ್ಳಬೇಡಿ.

ಏರಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ರೇಸ್ ಕೈತಪ್ಪುವುದು ಅಲ್ಲೇ. ಏರು ಶುರುವಾಗುವ ಮೊದಲೇ ವೇಗ ಕೂಡಿಸಿಕೊಳ್ಳಿ. ಹಿಂದಿನ ಇಳಿಜಾರಿನಲ್ಲಿ ಸುಮ್ನೆ ಬ್ರೇಕ್ ಹಿಡಿದರೆ ಆ ವೇಗವನ್ನು ಮುಂದಿನ ಏರಿನಲ್ಲಿ ಕಾಲಿನಿಂದ ತುಂಬಬೇಕಾಗುತ್ತದೆ. ಸೀಟು ಬಿಟ್ಟು ಎದ್ದು ನಿಲ್ಲಿ. ಆದರೆ ಹ್ಯಾಂಡಲ್ ಮೇಲೆ ಪೂರ್ತಿ ಬಾಗಬೇಡಿ. ಭಾರ ಮುಂದೆ ಹೋದರೆ ಹಿಂದಿನ ಚಕ್ರ ಒದ್ದೆ ಎಲೆ ಮೇಲೆ ಗಿರ್ರನೆ ತಿರುಗುತ್ತದೆ, ಸೈಕಲ್ ಮಾತ್ರ ಅಲ್ಲೇ ಇರುತ್ತದೆ. ಸೊಂಟ ಸೀಟಿನ ಮೂತಿಯ ನೇರಕ್ಕೆ ಇರಲಿ. ಬಲಗಾಲು ತುಳಿಯುವಾಗ ಬಲಗೈಯಿಂದ ಹ್ಯಾಂಡಲ್ ಎಳೆಯಿರಿ, ಎಡಗಾಲಿಗೆ ಎಡಗೈ.

ಇಳಿದು ನಡೆಯಲು ನಾಚಬೇಡಿ. ಕಡಿದಾದ ಏರಿನಲ್ಲಿ ಗೇರ್ ಇರುವವರೂ ಗಂಟೆಗೆ ಐದಾರು ಕಿ.ಮೀ. ಹೋಗುವುದೇ ಹೆಚ್ಚು. ನೀವು ಚುರುಕಾಗಿ ನಡೆದರೆ ಅವರು ಕಣ್ಣಳತೆಯಲ್ಲೇ ಇರುತ್ತಾರೆ. ಆದರೆ ಪೆಡಲ್ ನಿಂತೇ ಹೋಗುವವರೆಗೆ ಕಾಯಬಾರದು. ಇನ್ನೆರಡು ತುಳಿತಕ್ಕೆ ಶಕ್ತಿ ಇರುವಾಗಲೇ ಇಳಿಯಿರಿ. ಇದನ್ನು ಕಲಿಯಲು ನನಗೆ ಮೂರು ರೇಸ್ ಬೇಕಾಯಿತು. ಏದುಸಿರಿನಲ್ಲಿ ಇಳಿದವನಿಗೆ ಸೈಕಲ್ ತಳ್ಳಲೂ ಆಗುವುದಿಲ್ಲ.

ಕುಶಾಲನಗರದಿಂದ

ಚೈನ್ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ನಾನೂ ಗೇರ್ ಸೈಕಲ್ಲನ್ನೇ ಬದಲಾಯಿಸಿದ್ದು. ಒಂದು ಅಂಗಡಿಯಲ್ಲಿ ಹಳೇ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಂಪು) ಬಿಚ್ಚಿ ಅದರದ್ದೇ ಒಂದು ಕಾಗ್, ಅಂದರೆ ಹಲ್ಲುಚಕ್ರ, ಹಾಕಿಕೊಟ್ಟರು. ಗೇರ್ ಕಾಗ್‌ನ ಹಲ್ಲು ಗಿಡ್ಡ. ಚೈನ್ ಸುಲಭವಾಗಿ ಪಕ್ಕಕ್ಕೆ ಹಾರಲಿ ಅಂತಲೇ ಹಾಗೆ ಮಾಡಿರುತ್ತಾರೆ. ರೇಸ್‌ನಲ್ಲಿ ಹಳ್ಳದ ಕಡೆ ಇಳಿಯುವಾಗ ಬೇರು ಹಾರಿದ ಕೂಡಲೇ ಚೈನ್ ಬಿತ್ತು. ಕೆಮ್ಮಣ್ಣಿನಲ್ಲಿ ಕುಳಿತು ಹಾಕಿಕೊಂಡೆ. ಮುಂದಿನ ಬೇರಿಗೆ ಮತ್ತೆ ಬಿತ್ತು. ಐದು ಸಲ ಹೀಗಾಯಿತು. ಕೊನೆಗೆ ಬೆರಳಿನ ಸಂದಿಯಲ್ಲೆಲ್ಲ ಎಣ್ಣೆ ಮತ್ತು ಮಣ್ಣು. ಬ್ರೇಕ್ ಮೇಲೆ ಬೆರಳು ಜಾರುತ್ತಿತ್ತು.

ಸಿಂಗಲ್‌ಸ್ಪೀಡ್‌ಗೆ ಅಂತಲೇ ಬರುವ ಉದ್ದ ಹಲ್ಲಿನ ಕಾಗ್ ತಗೊಳ್ಳಿ. ಎರಡೂ ಬದಿಗೆ ಜಾಗ ತುಂಬುವ ಬಳೆ (ಸ್ಪೇಸರ್) ಹಾಕಿ ಮುಂದಿನ ಹಲ್ಲಿನ ನೇರಕ್ಕೆ ಕೂರಿಸಿ. ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡಿದರೆ ಚೈನ್ ನೇರವಾಗಿದೆಯಾ ಅಂತ ಗೊತ್ತಾಗುತ್ತದೆ. ಗೇರ್ ಫ್ರೇಮ್‌ನಲ್ಲಿ ಚಕ್ರ ಹಿಂದೆ ಎಳೆದು ಬಿಗಿ ಮಾಡಲು ಸಾಮಾನ್ಯವಾಗಿ ಜಾಗ ಇರುವುದಿಲ್ಲ, ಹಾಗಾಗಿ ಚೈನ್ ಬಿಗಿ ಹಿಡಿಯುವ ಟೆನ್ಷನರ್ ಬೇಕು. ಚೈನನ್ನು ಮೇಲಕ್ಕೆ ಒತ್ತುವಂಥದ್ದಾದರೆ ಒಳ್ಳೆಯದು, ಕಾಗ್‌ನ ಜಾಸ್ತಿ ಹಲ್ಲು ಚೈನ್ ಹಿಡಿಯುತ್ತವೆ. ಚೈನ್ ತುಂಡಾದರೆ ಜೋಡಿಸಲು ಒಂದು ಕ್ವಿಕ್ ಲಿಂಕ್, ಚೈನ್ ಟೂಲ್ ಜೇಬಿನಲ್ಲಿರಲಿ.

ಇಷ್ಟಕ್ಕೂ ನಮ್ಮ ಕಡೆಗೆ ಒಂದೇ ಗೇರ್ ಒಳ್ಳೆಯದು ಅನ್ನುವವನು ನಾನು. ಗಿಡ ಸವರಿ ಬಿಟ್ಟ ಕಾಫಿ ರೆಂಬೆ ಚಕ್ರಕ್ಕೆ ಸಿಕ್ಕಿ ಗೇರ್ ಬದಲಿಸುವ ಡಿರೇಲರ್ ಮುರಿದದ್ದನ್ನು ಎಷ್ಟು ಸಲ ನೋಡಿದ್ದೇನೆ!

ಸೋಮವಾರಪೇಟೆಯಿಂದ

ನಾನು ಹೋದ ವರ್ಷ ಓಡಿಸಿದವಳು. ಸಿಲ್ವರ್ ಓಕ್ ಎಲೆ ನೆನಪಿಟ್ಟುಕೊಳ್ಳಿ. ಹಾದಿ ತುಂಬ ಬಿದ್ದಿರುತ್ತದೆ, ಒದ್ದೆಯಾದರೆ ಸಾಬೂನಿನ ಹಾಗೆ. ಅದರ ಕೆಳಗೆ ಕಲ್ಲಿದೆಯಾ, ಬೇರಿದೆಯಾ ಕಾಣುವುದಿಲ್ಲ. ಬೇರನ್ನು ಅಡ್ಡ ಹಾಯುವಾಗ ಚಕ್ರ ನೇರ ಇರಲಿ, ಅದರ ಮೇಲೆ ಬ್ರೇಕ್ ಹಿಡಿಯಬೇಡಿ. ಟ್ಯೂಬ್‌ಲೆಸ್ ಟೈರ್ ಆದರೆ ಗಾಳಿ ಸ್ವಲ್ಪ ಕಡಿಮೆ ಮಾಡಿ. 58 ಕೆ.ಜಿ. ತೂಕಕ್ಕೆ ನಾನು ಮುಂದೆ 19, ಹಿಂದೆ 21 ಪಿಎಸ್‌ಐ ಇಟ್ಟಿದ್ದೆ.

ಆಮೇಲೆ ಜಿಗಣೆ. ಓಡಿಸುವಾಗ ಹತ್ತುವುದು ಕಡಿಮೆ, ನಿಂತರೆ ಬಿಡುವುದಿಲ್ಲ. ಉಪ್ಪನ್ನು ಸಣ್ಣ ಬಟ್ಟೆಯಲ್ಲಿ ಕಟ್ಟಿಟ್ಟುಕೊಳ್ಳಿ.

ಸಿದ್ದಾಪುರದಿಂದ

ನಮ್ಮದು ತೋಟದ ಮನೆ. ಅಭ್ಯಾಸಕ್ಕೆ ಮುಂಜಾನೆ ಕತ್ತಲಲ್ಲಿ, ಸಂಜೆ ಆರರ ಮೇಲೆ ಒಬ್ಬರೇ ತೋಟದೊಳಗೆ ಹೋಗಬೇಡಿ. ಆನೆ ತೋಟದಲ್ಲೇ ನಿಂತಿರುತ್ತದೆ, ಹತ್ತು ಅಡಿ ದೂರದಲ್ಲಿದ್ದರೂ ಗಿಡದ ಮರೆಯಲ್ಲಿ ಕಾಣುವುದಿಲ್ಲ. ಸೈಕಲ್ ಸದ್ದಿಲ್ಲದೆ ಬರುತ್ತದೆ, ಅದೇ ಅಪಾಯ. ಹಸಿ ಲದ್ದಿ ಕಂಡರೆ ವಾಪಸ್ ತಿರುಗಿ. ಲೈನ್ ಮನೆಯವರನ್ನು (ತೋಟದಲ್ಲೇ ಇರುವ ಕೆಲಸಗಾರರನ್ನು) ಕೇಳಿ, ರಾತ್ರಿ ಯಾವ ಕಡೆ ಬಂದಿತ್ತು ಅಂತ ಅವರಿಗೆ ಗೊತ್ತಿರುತ್ತದೆ. ಬ್ರಹ್ಮಗಿರಿ, ಪುಷ್ಪಗಿರಿ, ನಾಗರಹೊಳೆ ಕಾಡಿನೊಳಗೆ ಅಭ್ಯಾಸದ ಯೋಚನೆಯೇ ಬೇಡ.

ಇನ್ನೊಂದು ಕೇಳಿಕೊಳ್ಳುತ್ತೇನೆ. ನವೆಂಬರ್‌ನಲ್ಲಿ ಅರೇಬಿಕಾ ಹಣ್ಣಾಗುತ್ತಾ ಇರುತ್ತದೆ. ರೆಂಬೆ ಭಾರಕ್ಕೆ ಹಾದಿಗೆ ಬಾಗಿರುತ್ತದೆ. ಹ್ಯಾಂಡಲ್ ತಾಗಿದರೆ ಹಣ್ಣು ಉದುರುತ್ತದೆ. ಯಾರನ್ನಾದರೂ ದಾಟಬೇಕಿದ್ದರೆ ಹಾದಿ ಅಗಲ ಆಗುವವರೆಗೆ ಕಾಯಿರಿ. ಅದು ಒಬ್ಬರ ವರ್ಷದ ಬೆಳೆ, ಅಲ್ವಾ?

ಕೇಳಿದವರು, ವಿರಾಜಪೇಟೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. 20 ಹಲ್ಲಿನ ಕಾಗ್ ಹಾಕಿಸಿದೆ, ಟೆನ್ಷನರ್ ಕೂಡ. ಭಾನುವಾರ ಚಿಕ್ಕಪ್ಪನ ತೋಟದಲ್ಲಿ ಓಡಿಸಿ ನೋಡಿದೆ. ಪಂಪ್‌ಹೌಸ್‌ನಿಂದ ಮೇಲಿನ ಕಣಕ್ಕೆ ಹೋಗುವ ಏರಿನಲ್ಲಿ ಅರ್ಧಕ್ಕೆ ಇಳಿದೆ, ಉಸಿರು ಇರುವಾಗಲೇ. ಮೇಲೆ ತಲುಪಿದ ಮೇಲೂ ಮಾತಾಡಲು ಆಗುತ್ತಿತ್ತು. ಚೈನ್ ಒಂದು ಸಲವೂ ಬೀಳಲಿಲ್ಲ. ಈ ಭಾನುವಾರ ಅದೇ ಏರನ್ನು ನಾಲ್ಕು ಸಲ ಹತ್ತುತ್ತೇನೆ.