ಕ್ಯಾಸೆಟ್ಟಿನಿಂದ ಡಿವಿಡಿಗೆ: ಇಳಿಸುವುದೋ, ಹೊಡೆಸುವುದೋ, ನಕಲೋ?

ಗೆಳೆಯರೇ, ಒಂದು ಪದ ಬೇಕಾಗಿದೆ. ಕೆಲಸ ಚಿಕ್ಕದು, ಆದರೆ ನಾಲ್ಕು ದಿನದಿಂದ ಪದ ಸಿಗುತ್ತಿಲ್ಲ.

2004ರಲ್ಲಿ ಅಕ್ಕನ ಮದುವೆ ಆಯ್ತು. ಕೊಪ್ಪಳದಲ್ಲಿ ನಮ್ಮ ಮನೆ ಮುಂದೆಯೇ ಹಂದರ ಹಾಕಿದ್ದೆವು. ಮಾವನ ಹ್ಯಾಂಡಿಕ್ಯಾಮ್‌ನಲ್ಲಿ ತೆಗೆದ ವಿಡಿಯೋ ಐದು ಮಿನಿ ಡಿವಿ ಕ್ಯಾಸೆಟ್‌ಗಳಲ್ಲಿ ಹಾಗೇ ಉಳಿದಿದೆ. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡವು, ಒಂದೊಂದೂ 60 ನಿಮಿಷದ್ದು. ಅಪ್ಪ ಈಗಿಲ್ಲ. ಅವರ ದನಿ ಇರುವುದು ಇವುಗಳಲ್ಲಿ ಮಾತ್ರ. ಎಲ್ಲವನ್ನೂ ಡಿವಿಡಿಗೆ ಹಾಕಿ ಏಳು ಮನೆಗೆ ಹಂಚುತ್ತಿದ್ದೇನೆ: ರಾಯಚೂರಿನ ಅಕ್ಕ, ಗಂಗಾವತಿಯ ಸೋದರಮಾವ, ಬಳ್ಳಾರಿಯ ಚಿಗವ್ವ, ಹೀಗೆ. ಈಗ ಡಿವಿಡಿ ಯಾರು ನೋಡ್ತಾರೆ ಅನ್ನಬೇಡಿ. ಮಾವನ ಮನೆಯಲ್ಲಿ ಪ್ಲೇಯರ್ ಇನ್ನೂ ಟಿವಿ ಕೆಳಗೇ ಇದೆ, ಮೇಲೆ ಕಸೂತಿ ಬಟ್ಟೆ ಹೊದ್ದುಕೊಂಡು.

ಡಿಸ್ಕಿನ ಮೇಲೆ ಒಂದು ಸಾಲು ಬರೆಯಬೇಕು. 'ಮೂಲ ಕ್ಯಾಸೆಟ್ 2004, ಡಿವಿಡಿಗೆ' ಅಂತ ಬರೆದು ಅಲ್ಲೇ ನಿಂತಿದ್ದೇನೆ. ಮುಂದಿನ ಪದ ಯಾವುದು?

ಮೊದಲು ಹೊಳೆದದ್ದು 'ವರ್ಗಾಯಿಸಿದ್ದು'. ನಮ್ಮ ಕಡೆ ನೌಕರಿಯವರಿಗೆ ಊರು ಬದಲಾದರೆ 'ವರ್ಗಾ ಆಗೇತಿ' ಅನ್ನುತ್ತಾರೆ. ಅವ್ವನ ಎದುರು ಈ ಪದ ಆಡಿದ್ದೇ ತಪ್ಪಾಯ್ತು. "ಅಲ್ಲೋ, ವರ್ಗಾ ಮಾಡಿದ್ರ ಕ್ಯಾಸೆಟ್ಟಿನ್ಯಾಗ ಏನೂ ಉಳಿಯಂಗಿಲ್ಲೇನು? ನಿಮ್ಮಪ್ಪನ ದನಿ ಹೋಗಂಗಿದ್ರ ಬ್ಯಾಡ ಬಿಡು" ಅಂದರು. ಅವರ ಮಾತಲ್ಲಿ ನ್ಯಾಯ ಇದೆ. ಮಾಸ್ತರರು ವರ್ಗವಾಗಿ ಹೋದ ಮೇಲೆ ಹಳೇ ಶಾಲೆಯಲ್ಲಿ ಇರ್ತಾರಾ?

ಹಾಗಾದರೆ 'ನಕಲು'. ಇದು ನನಗೆ ಇಷ್ಟವಾದ ಪದ. ಅರಬ್ಬಿಯಲ್ಲಿ 'ನಕ್ಲ್' ಅಂದರೆ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು, ಪ್ರತಿ ಮಾಡುವುದು ಎರಡೂ ಹೌದು. ನಮಗೆ ಬೇಕಾದದ್ದು ಅದೇ ಅಲ್ವಾ! ಕೊಪ್ಪಳ, ರಾಯಚೂರು 1948ರವರೆಗೆ ನಿಜಾಮರ ಕೈಯಲ್ಲಿದ್ದವು, ಕಚೇರಿ ಭಾಷೆ ಉರ್ದು. ಜಮೀನಿನ ಕಾಗದಕ್ಕೆ 'ನಕಲು ತಗೊಂಡು ಬಾ' ಅಂದರೆ ಇಂದಿಗೂ ಯಾರೂ ಮುಖ ಸಿಂಡರಿಸುವುದಿಲ್ಲ. ಆದರೆ ಪರೀಕ್ಷೆಯ ನಕಲು, ನಕಲಿ ನೋಟು, ನಕಲಿ ಡಾಕ್ಟರು ಎಲ್ಲ ಸೇರಿ ಈ ಪದದ ಮಾನ ಕಳೆದಿದ್ದಾರೆ. ಮದುವೆ ಡಿವಿಡಿ ಮೇಲೆ 'ನಕಲು' ಅಂತ ಬರೆದರೆ ಚಿಗವ್ವ, ಅಸಲು ಯಾರಿಗೆ ಕೊಟ್ಟೆ ಅಂತ ಜಗಳಕ್ಕೇ ಬರುತ್ತಾರೆ. ಬಳ್ಳಾರಿ 1953ರವರೆಗೆ ಮದ್ರಾಸಿನ ಕಡೆ ಇತ್ತಲ್ಲ, ಅಲ್ಲಿನ ಹಳೇ ಕಚೇರಿ ಕಾಗದಗಳಲ್ಲೂ ನಕಲು ಅಂತಲೇ ಇತ್ತಾ, ಬೇರೆ ಪದ ಇತ್ತಾ? ಕಂಡವರು ತಿಳಿಸಿ.

ಅಂಗಡಿಗಳಲ್ಲಿ 'ಡಿವಿಡಿ ಹೊಡೆಸು' ಅನ್ನುತ್ತಾರೆ. ನಮ್ಮಲ್ಲಿ ಝೆರಾಕ್ಸ್ ಹೊಡಿ, ಬಣ್ಣ ಹೊಡಿ, ಸಹಿ ಹೊಡಿ, ಎಲ್ಲವೂ ಹೊಡಿಯೇ. ಬಾಯಿಗೆ ಸರಿ, ಬರಹಕ್ಕೆ ಒರಟು. 'ಸುಡು' ಅಂತೂ ಬೇಡ. ಡಿಸ್ಕಿನೊಳಗಿನ ಬಣ್ಣದ ಪದರವನ್ನು ಲೇಸರ್ ಬಿಸಿ ಮಾಡಿಯೇ ಗುರುತು ಮೂಡಿಸುತ್ತದೆ, ನಿಜ. ಹಾಗಂತ 'ಅಕ್ಕನ ಮದುವೆ ಸುಟ್ಟಿದ್ದೇನೆ' ಅಂತ ಬರೆಯೋಕಾಗುತ್ತಾ?

'ಕೊರೆಸಿದ್ದು' ಚೆನ್ನಾಗಿದೆ ಅನ್ನಿಸಿತ್ತು. ನಮ್ಮೂರಿನ ಗವಿಮಠದ ಬಂಡೆಯಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕ ಒಂದೇ ಶಾಸನವನ್ನು ಕೊರೆಸಿದ್ದಾನೆ. ಒಂದೇ ಊರಿಗೆ ಎರಡು ಪ್ರತಿ! ಆದರೆ ಐದು ತಾಸಿನ ಮದುವೆ ವಿಡಿಯೋ ಮೇಲೆ 'ಕೊರೆ' ಅಂತ ಕಂಡರೆ ನೆಂಟರು ಬೇರೆಯೇ ಅರ್ಥ ಮಾಡಿಕೊಂಡಾರು.

ಆಮೇಲೆ 'ಪಡಿಯಚ್ಚು' ನೆನಪಾಯ್ತು. 'ಮಗ ಅಪ್ಪನ ಪಡಿಯಚ್ಚು' ಅನ್ನುತ್ತೇವಲ್ಲ, ಅದು. 'ಪ್ರತಿ' ಸವೆದು 'ಪಡಿ' ಆಗಿದೆ. ಮೂಲವೂ ಉಳಿಯುತ್ತದೆ, ಮೋಸದ ವಾಸನೆಯೂ ಇಲ್ಲ. ಇದೇ ಸಾಕು ಅಂದುಕೊಂಡಿದ್ದೆ. ಲೆಕ್ಕ ಹಾಕಿದ ಮೇಲೆ ಮನಸ್ಸು ಅಳುಕಿತು. ಒಂದು ಕ್ಯಾಸೆಟ್ಟನ್ನು ಫೈರ್‌ವೈರ್ ಕೇಬಲ್‌ನಿಂದ ಕಂಪ್ಯೂಟರಿಗೆ ತೆಗೆದುಕೊಂಡರೆ ಸುಮಾರು 13 ಜಿಬಿ. ಡಿವಿಡಿ ಹಿಡಿಯುವುದು 4.7 ಜಿಬಿ. ಅಂದರೆ ಹಿಂಡಿ ಹಿಂಡಿ ಒಳಗೆ ತುರುಕಿರುತ್ತೇವೆ. ಪಡಿಯಚ್ಚು ಅಂದರೆ ಸುಳ್ಳು ಹೇಳಿದ ಹಾಗೆ. ಈ ಲೆಕ್ಕದಲ್ಲಿ ಸರಿಯಾದ ಪದ 'ಭಟ್ಟಿ ಇಳಿಸಿದ್ದು', ನೀರು ಬಿಟ್ಟು ಸಾರವನ್ನಷ್ಟೇ ತೆಗೆದುಕೊಳ್ಳುವುದು. ಆದರೆ ಬೇರೆಯವರ ಬರಹ ಕದಿಯುವವರು ಅದನ್ನು ಆಗಲೇ ಹಿಡಿದುಕೊಂಡುಬಿಟ್ಟಿದ್ದಾರೆ.

ಭಟ್ಟಿ ಬಿಟ್ಟು ಬರೀ 'ಇಳಿಸಿದ್ದು' ಅಂದರೆ? ಕರಿಹಲಗೆ ಮೇಲಿದ್ದದ್ದನ್ನು ಪಾಟಿಗೆ ಇಳಿಸಿಕೊಂಡರೆ ಹಲಗೆ ಖಾಲಿ ಆಗುವುದಿಲ್ಲ. ಅವ್ವ ಇದಕ್ಕೆ ಒಪ್ಪಿದರು. ಈಗ ಪತ್ರಿಕೆಯವರು ಇಂಟರ್ನೆಟ್ಟಿನಿಂದ ಪಡೆಯುವುದಕ್ಕೆಲ್ಲ 'ಇಳಿಸಿಕೊಳ್ಳಿ' ಅನ್ನುತ್ತಾರೆ, ಅದೊಂದೇ ತಕರಾರು. ಇದನ್ನೂ ಎಲ್ಲಿಂದಲೋ ಇಳಿಸಿಕೊಂಡದ್ದು ಅಂದುಕೊಂಡಾರು.

ಒಂದು ಪದ ಮಾತ್ರ ತಾನಾಗಿ ಸಿಕ್ಕಿತು. ರಾಯಚೂರಿಗೆ ಕಳಿಸಿದ ಮೊದಲ ಡಿಸ್ಕ್ ಅಕ್ಕನ ಪ್ಲೇಯರಿನಲ್ಲಿ ಓಡಲಿಲ್ಲ. ನನ್ನದೇ ತಪ್ಪು, ಕೊನೆಯಲ್ಲಿ ಫೈನಲೈಜ್ ಮಾಡಿರಲಿಲ್ಲ, ಅಂದರೆ ಬರೆದು ಮುಗಿದ ಮೇಲೆ ಡಿಸ್ಕನ್ನು ಮುಚ್ಚುವ ಕೊನೆಯ ಹಂತ ಬಿಟ್ಟಿದ್ದೆ. ಹಾಗೆ ಬಿಟ್ಟ ಡಿಸ್ಕ್ ಬರೆದ ಕಂಪ್ಯೂಟರಿನಲ್ಲಿ ಓಡಿದರೂ ಬೇರೆ ಪ್ಲೇಯರುಗಳಲ್ಲಿ ತಕರಾರು ಮಾಡುತ್ತದೆ. ಇದನ್ನು ಮಾವನಿಗೆ ಫೋನಿನಲ್ಲಿ ಬಿಡಿಸಿ ಹೇಳಿದೆ. ಅವರು ಗಂಗಾವತಿಯಲ್ಲಿ ಅಕ್ಕಿ ಗಿರಣಿಯಲ್ಲಿ ಇದ್ದವರು. "ಅಂದ್ರ ಚೀಲ ತುಂಬಿ ಬಾಯಿ ಹೊಲಿಲಾರದ ಲಾರಿಗೆ ಹಾಕೀದಿ ಅನ್ನು" ಅಂದರು. ಫೈನಲೈಜ್‌ಗೆ 'ಬಾಯಿ ಹೊಲಿ'! ನಾನು ಅದನ್ನೇ ಬಳಸುತ್ತೇನೆ, ಯಾರು ಏನಾದರೂ ಅನ್ನಲಿ.

ನನ್ನ ಪ್ರಶ್ನೆ ಎರಡು. ಮೂಲ ಉಳಿಯುತ್ತದೆ, ಪ್ರತಿ ತುಸು ಸೊರಗುತ್ತದೆ, ಆದರೂ ಮೋಸವಲ್ಲ: ಈ ಮೂರನ್ನೂ ಹೊರುವ ಪದ ನಿಮ್ಮ ಕಡೆ ಇದೆಯಾ? ಮತ್ತೆ, 'ಪಡಿ ತೆಗೆ' ಅಥವಾ 'ಪಡಿ ಎತ್ತು' ಅನ್ನುವುದನ್ನು ಯಾರಾದರೂ ಬಾಯಿಮಾತಿನಲ್ಲಿ ಕೇಳಿದ್ದೀರಾ? ನಮ್ಮಲ್ಲಿ ಪಡಿ ಅಂದರೆ ಕಾಳು ಅಳೆಯುವುದಷ್ಟೇ.

ರಾಯಚೂರಿನ ಡಿಸ್ಕಿನ ಮೇಲೆ ಮಾರ್ಕರಿನಲ್ಲಿ 'ಇಳಿಸಿದ್ದು' ಅಂತ ಬರೆದಾಗಿದೆ, ಅಳಿಸಲು ಬರುವುದಿಲ್ಲ. ಉಳಿದ ಆರು ಖಾಲಿ ಇವೆ. ಮಾವ ತಮ್ಮದನ್ನು ಒಯ್ಯಲು ಭಾನುವಾರ ಬರುತ್ತಾರೆ. ಅಷ್ಟರೊಳಗೆ ಉತ್ತರಿಸಿದರೆ ಉಪಕಾರ.